ಯಾವ ಜಾಗಕ್ಕೆ ಯಾರು? ಫುಟ್‌ಬಾಲ್ ತಂಡ ಕಟ್ಟುವ ಬಗ್ಗೆ ಓದುಗರ ಪ್ರಶ್ನೆಗಳು

(ಚಿಕ್ಕಮಗಳೂರಿನ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿಯೊಬ್ಬರು ಓದುಗರ ಆಟದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಾರೆ. ಈ ಸಲ ಬಂದ ಪತ್ರಗಳಲ್ಲಿ ಫುಟ್‌ಬಾಲ್ ಟ್ರಾನ್ಸ್‌ಫರ್ ಬಗ್ಗೆಯೇ ಜಾಸ್ತಿ ಇದ್ದವು.)

ಪ್ರಶ್ನೆ: ಮೇಡಂ, ನಾನು ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿನ ಅಭಿಮಾನಿ. ಟ್ರಾನ್ಸ್‌ಫರ್ ವಿಂಡೋ, ಅಂದರೆ ಕ್ಲಬ್ಬುಗಳು ಆಟಗಾರರನ್ನು ಕೊಳ್ಳುವ, ಮಾರುವ ಅವಧಿ ಶುರುವಾದರೆ ಸಾಕು, ಹಾಸ್ಟೆಲ್‌ನಲ್ಲಿ ಜಗಳ. ಯಾರು ದೊಡ್ಡ ಹೆಸರು ತಂದರೋ ಆ ಮ್ಯಾನೇಜರ್ ಗೆದ್ದ ಅಂತ ಗೆಳೆಯರು ಹೇಳುತ್ತಾರೆ. ಒಬ್ಬ ಮ್ಯಾನೇಜರ್ ತಂಡವನ್ನು ಚೆನ್ನಾಗಿ ಕಟ್ಟುತ್ತಿದ್ದಾರೋ ಇಲ್ಲವೋ ಅಂತ ತಿಳಿಯುವುದು ಹೇಗೆ?
– ಕಾಲೇಜು ವಿದ್ಯಾರ್ಥಿ, ಮೂಡಿಗೆರೆ

ಉತ್ತರ: ನೋಡಪ್ಪಾ, ಇದಕ್ಕೆ ನಿನ್ನ ತಂಡವೇ ಒಳ್ಳೆಯ ಪಾಠ. ಮಿಕೆಲ್ ಆರ್ಟೆಟಾ ಆರ್ಸೆನಲ್‌ಗೆ ಮ್ಯಾನೇಜರ್ ಆಗಿ ಬಂದದ್ದು 2019ರ ಡಿಸೆಂಬರ್‌ನಲ್ಲಿ. ಮೊದಲ ಎರಡು ಸೀಸನ್‌ನಲ್ಲೂ ತಂಡಕ್ಕೆ ಸಿಕ್ಕಿದ್ದು ಎಂಟನೇ ಸ್ಥಾನ. ಆ ಹೊತ್ತಿನಲ್ಲಿ ಅವರು ಮಾಡಿದ ಕಷ್ಟದ ಕೆಲಸ ಅಂದರೆ ಆಟಗಾರರನ್ನು ಕಳಿಸಿಕೊಟ್ಟದ್ದು. ಮೆಸುಟ್ ಓಜಿಲ್ 2021ರ ಜನವರಿಯಲ್ಲಿ ಹೋದರು. ಔಬಮೆಯಾಂಗ್ ತಂಡದ ನಾಯಕರಾಗಿದ್ದವರು. 2021ರ ಡಿಸೆಂಬರ್‌ನಲ್ಲಿ ಅವರ ನಾಯಕತ್ವ ಹೋಯಿತು, ಎರಡು ತಿಂಗಳಲ್ಲಿ ಅವರೂ ಬಾರ್ಸಿಲೋನಾಕ್ಕೆ ಹೋದರು. ಇಬ್ಬರೂ ದೊಡ್ಡ ಹೆಸರು, ದೊಡ್ಡ ಸಂಬಳ. ನಿನ್ನ ಗೆಳೆಯರ ಲೆಕ್ಕದಲ್ಲಿ ಅದು ಸೋಲು. ನನ್ನ ಲೆಕ್ಕದಲ್ಲಿ ತಂಡ ಕಟ್ಟುವುದು ಅಲ್ಲಿಂದಲೇ ಶುರುವಾಯಿತು. ಡ್ರೆಸ್ಸಿಂಗ್ ರೂಮಿನಲ್ಲಿ ಯಾರ ಮಾತು ನಡೆಯಬೇಕು, ಸಂಬಳದ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದು ತೀರ್ಮಾನವಾದ ಮೇಲೆಯೇ ಹೊಸಬರಿಗೆ ಜಾಗ.

2021ರ ಬೇಸಿಗೆಯ ವಿಂಡೋವನ್ನು ನೆನಪು ಮಾಡಿಕೋ. ಬೆನ್ ವೈಟ್, ರಾಮ್ಸ್‌ಡೇಲ್, ತೊಮಿಯಾಸು, ಓಡೆಗಾರ್ಡ್, ಲೊಕೊಂಗ, ತವಾರೆಸ್. ಆರು ಜನ, ಎಲ್ಲರೂ 23 ವರ್ಷ ಅಥವಾ ಅದಕ್ಕಿಂತ ಚಿಕ್ಕವರು. ಆಮೇಲೆ ಏನಾಯಿತು? ಮೊದಲ ಮೂರು ಪಂದ್ಯ ಸೋತರು, ಒಂದು ಗೋಲೂ ಇಲ್ಲ, ಪಟ್ಟಿಯ ಕೊನೆಯಲ್ಲಿದ್ದರು. ಜನ ಬಾಯಿಗೆ ಬಂದ ಹಾಗೆ ಬೈದರು. ನೀನು ಕಾಫಿ ಸೀಮೆಯ ಹುಡುಗ, ನಿನಗೆ ಗೊತ್ತು: ಹೊಸ ಗಿಡ ನೆಟ್ಟ ವರ್ಷವೇ ಫಸಲು ಕೇಳುವವರು ಯಾರೂ ಇಲ್ಲ, ಮೂರು ನಾಲ್ಕು ವರ್ಷ ಕಾಯುತ್ತಾರೆ. ಆ ಸೀಸನ್ ಆರ್ಸೆನಲ್ ಐದನೇ ಸ್ಥಾನಕ್ಕೆ ಬಂತು. ಮುಂದಿನ ಮೂರು ಸೀಸನ್ ಸತತವಾಗಿ ಎರಡನೇ ಸ್ಥಾನ. ಆರರಲ್ಲಿ ಲೊಕೊಂಗ, ತವಾರೆಸ್ ನೆಲೆ ನಿಲ್ಲಲಿಲ್ಲ. ಗೋಲ್‌ಕೀಪರ್ ರಾಮ್ಸ್‌ಡೇಲ್ ಜಾಗಕ್ಕೆ ರಾಯಾ ಬಂದರು. ಆದರೆ ಓಡೆಗಾರ್ಡ್ ನಾಯಕರಾದರು. ಒಂದು ವಿಂಡೋದಲ್ಲಿ ಕೊಂಡವರೆಲ್ಲ ಗೆಲ್ಲಬೇಕು ಅಂತೇನಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. 2020ರಲ್ಲಿ ಲಿಲ್ ತಂಡದಿಂದ ಬಂದ ಡಿಫೆಂಡರ್ ಗೇಬ್ರಿಯೆಲ್ ಎಡಗಾಲಿನವರು. ಅವರ ಪಕ್ಕದ ಸಲಿಬಾ ಬಲಗಾಲಿನವರು. 2019ರಲ್ಲೇ ಕೊಂಡಿದ್ದರೂ ಸಲಿಬಾರನ್ನು ಫ್ರಾನ್ಸಿನ ತಂಡಗಳಿಗೆ ಸಾಲ ಕೊಟ್ಟು, 2022ರಲ್ಲಿ ಆಟಕ್ಕೆ ಇಳಿಸಿದರು. ಎಡಗಾಲಿನ ಡಿಫೆಂಡರ್ ಎಡಕ್ಕೆ ನಿಂತರೆ ಚೆಂಡನ್ನು ಹೊರಗಿನ ಕಾಲಲ್ಲಿ ತೆಗೆದುಕೊಂಡು ಗೆರೆಯುದ್ದಕ್ಕೂ ಪಾಸ್ ಕೊಡಬಹುದು. ಬಲಗಾಲಿನವರು ಅಲ್ಲಿ ನಿಂತರೆ ಒಳಗೆ ತಿರುಗಬೇಕು, ಆ ಒಂದು ಕ್ಷಣದಲ್ಲಿ ಎದುರಾಳಿ ಮೇಲೆ ಬಿದ್ದಿರುತ್ತಾರೆ. ನಾನು ಹೈಸ್ಕೂಲ್ ಹುಡುಗಿಯರ ತಂಡ ಆರಿಸುವಾಗ ಎಡಗಾಲಲ್ಲಿ ಒದೆಯುವ ಹುಡುಗಿ ಕಂಡರೆ, ಓಟ ಸ್ವಲ್ಪ ನಿಧಾನವಿದ್ದರೂ ಹೆಸರು ಬರೆದುಕೊಳ್ಳುತ್ತಿದ್ದೆ. ಬಲಗಾಲಿನವರು ಹನ್ನೆರಡು ಜನ ಸಿಗುತ್ತಿದ್ದರು, ಎಡಗಾಲಿನವಳು ಒಬ್ಬಳೇ. ದೊಡ್ಡ ಕ್ಲಬ್ಬಿಗೂ ಅದೇ ಕೊರತೆ ಇರುತ್ತದೆ.

ಇನ್ನು ಎಡವಿದ ಜಾಗ. 2025ರ ಜನವರಿಯಲ್ಲಿ ಸ್ಟ್ರೈಕರ್ (ಮುಂದೆ ನಿಂತು ಗೋಲು ಹೊಡೆಯುವವರು) ಗೇಬ್ರಿಯೆಲ್ ಜೀಸಸ್ ಮೊಣಕಾಲಿನ ಗಾಯದಿಂದ ಹೊರಗೆ ಹೋದರು. ವಿಂಡೋ ತೆರೆದೇ ಇತ್ತು, ಬೇರೆ ಸ್ಟ್ರೈಕರ್ ಬರಲಿಲ್ಲ. ಫೆಬ್ರುವರಿಯಲ್ಲಿ ವಿಂಡೋ ಮುಚ್ಚಿದ ಮೇಲೆ, ಮುಂದೆ ಆಡುತ್ತಿದ್ದ ಹಾವರ್ಟ್ಸ್‌ಗೂ ಗಾಯವಾಯಿತು. ಕೊನೆಗೆ ಮಿಡ್‌ಫೀಲ್ಡರ್ ಮೆರಿನೊ ಅವರನ್ನು ಮುಂದೆ ನಿಲ್ಲಿಸಿದರು. ಲೆಸ್ಟರ್ ಮೇಲೆ ಬದಲಿಯಾಗಿ ಬಂದು ಅವರು ಎರಡು ಗೋಲು ಹೊಡೆದರು, ನಿಜ. ಆದರೆ ಒಬ್ಬ ಮಿಡ್‌ಫೀಲ್ಡರ್‌ನ ಧೈರ್ಯದ ಮೇಲೆ ಲೀಗ್ ಗೆಲ್ಲಲು ಆಗುವುದಿಲ್ಲ. ಆ ಸೀಸನ್‌ನಲ್ಲಿ ಡ್ರಾ ಆದ ಪಂದ್ಯಗಳನ್ನು ನೀನೇ ನೋಡಿರುತ್ತೀಯ. 2025ರ ಬೇಸಿಗೆಯಲ್ಲಿ ಗ್ಯೋಕರೆಸ್, ಝುಬಿಮೆಂಡಿ, ಎಝೆ, ಮಾಡುಎಕೆ, ಹಿಂಕಾಪಿಯೆ ಹೀಗೆ ಒಬ್ಬರ ಹಿಂದೆ ಒಬ್ಬರು ಬಂದರಲ್ಲ, ಅದು ಆ ಜನವರಿಗೆ ಕೊಟ್ಟ ಉತ್ತರ. ಪ್ರತಿ ಜಾಗಕ್ಕೂ ಇಬ್ಬರು ಬೇಕು ಅಂತ ಕ್ಲಬ್ಬು ಕೊನೆಗೂ ಒಪ್ಪಿಕೊಂಡಿತು.

ಇನ್ನು ನೀನು ಮಾಡಬೇಕಾದ್ದು. ಒಂದು ಹಾಳೆಯಲ್ಲಿ ಹನ್ನೊಂದು ಜಾಗ ಬರೆ. ಪ್ರತಿ ಜಾಗಕ್ಕೂ ಎರಡು ಹೆಸರು, ಪಕ್ಕದಲ್ಲಿ ವಯಸ್ಸು, ಯಾವ ಕಾಲು, ಒಪ್ಪಂದ ಯಾವ ವರ್ಷ ಮುಗಿಯುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ಕೊಡುವ ಆಟಗಾರರ ಪಟ್ಟಿಯಲ್ಲಿ 25 ಜನಕ್ಕೆ ಮಾತ್ರ ಅವಕಾಶ. ಅದರಲ್ಲಿ ಅಲ್ಲಿನ ಕ್ಲಬ್ಬುಗಳಲ್ಲಿ ಬೆಳೆಯದವರು 17ಕ್ಕಿಂತ ಹೆಚ್ಚು ಇರುವಂತಿಲ್ಲ. 21 ದಾಟದ ಹುಡುಗರು ಈ 25ರ ಲೆಕ್ಕಕ್ಕೆ ಬರುವುದಿಲ್ಲ, ಪಟ್ಟಿಯಲ್ಲಿ ಇಲ್ಲದೆಯೂ ಆಡಬಹುದು. ಆದ್ದರಿಂದ ಆರ್ಸೆನಲ್‌ನ ಬುಕಾಯೊ ಸಾಕಾ ತರಹ ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗ ಸಿಕ್ಕರೆ ಆಟದ ಜೊತೆಗೆ ಪಟ್ಟಿಯಲ್ಲೂ ಲಾಭ. ಹಾಳೆ ತುಂಬಿದ ಮೇಲೆ ಖಾಲಿ ಜಾಗ ನಿನಗೇ ಕಾಣುತ್ತದೆ. ವಿಂಡೋದಲ್ಲಿ ಆ ಖಾಲಿ ಜಾಗಕ್ಕೆ ಆಟಗಾರ ಬಂದರೆ ಮ್ಯಾನೇಜರ್ ಸರಿಯಾಗಿ ಕೆಲಸ ಮಾಡುತ್ತಿದ್ದಾರೆ. ಈಗಾಗಲೇ ಇಬ್ಬರಿರುವ ಜಾಗಕ್ಕೆ ದೊಡ್ಡ ಹೆಸರು ಬಂದರೆ ಕೇಳಬೇಕಾದ ಪ್ರಶ್ನೆ ಇದೆ.

ಪ್ರಶ್ನೆ: ನೂರು ಮಿಲಿಯನ್ ಪೌಂಡ್ ಕೊಟ್ಟು ಹೊರಗಿನವರನ್ನು ತರುವ ಕ್ಲಬ್ಬುಗಳು ತಾವೇ ಬೆಳೆಸಿದ ಹುಡುಗರನ್ನು ಮಾರುತ್ತವೆ. ಇದರ ಲೆಕ್ಕ ನನಗೆ ಅರ್ಥವಾಗಿಲ್ಲ.
– ಬ್ಯಾಂಕ್ ಉದ್ಯೋಗಿ, ಹಾಸನ

ಉತ್ತರ: ನೀವು ಬ್ಯಾಂಕಿನವರು, ಬೇಗ ಹಿಡಿಯುತ್ತೀರಿ. ನೂರು ಮಿಲಿಯನ್‌ಗೆ ಕೊಂಡ ಆಟಗಾರನಿಗೆ ಐದು ವರ್ಷದ ಒಪ್ಪಂದ ಇದ್ದರೆ, ಪುಸ್ತಕದಲ್ಲಿ ವರ್ಷಕ್ಕೆ ಇಪ್ಪತ್ತು ಮಿಲಿಯನ್ ಖರ್ಚು ಬರೆಯುತ್ತಾರೆ. ಎರಡು ವರ್ಷದ ನಂತರ ಅವನ ಪುಸ್ತಕದ ಬೆಲೆ ಅರವತ್ತು. ಐವತ್ತಕ್ಕೆ ಮಾರಿದರೆ ಹತ್ತು ನಷ್ಟ. ಅಕಾಡೆಮಿಯ ಹುಡುಗನಿಗೆ ಕೊಂಡ ಬೆಲೆಯೇ ಇಲ್ಲ. ಅವನನ್ನು ಎಷ್ಟಕ್ಕೆ ಮಾರಿದರೂ ಅಷ್ಟೂ ಆ ವರ್ಷದ ಲಾಭ. 2023ರಲ್ಲಿ ಚೆಲ್ಸಿ ತನ್ನ ಮನೆಯ ಹುಡುಗ ಮೇಸನ್ ಮೌಂಟ್‌ನನ್ನು ಮ್ಯಾಂಚೆಸ್ಟರ್ ಯುನೈಟೆಡ್‌ಗೆ 55 ಮಿಲಿಯನ್ ಪೌಂಡಿಗೆ ಕೊಟ್ಟದ್ದು ಹೀಗೆ ಲೆಕ್ಕಕ್ಕೆ ಬಂತು. ಅದೇ ಚೆಲ್ಸಿ 2023ರ ಜನವರಿಯಲ್ಲಿ ಮುದ್ರಿಕ್‌ಗೆ ಎಂಟೂವರೆ ವರ್ಷದ ಒಪ್ಪಂದ ಕೊಟ್ಟಿತ್ತು. ವರ್ಷ ಜಾಸ್ತಿಯಾದಷ್ಟೂ ವಾರ್ಷಿಕ ಖರ್ಚು ಕಡಿಮೆ ಕಾಣುತ್ತದೆ. ಆ ವರ್ಷದ ಡಿಸೆಂಬರ್‌ನಲ್ಲಿ ಲೀಗ್, ಖರ್ಚನ್ನು ಐದು ವರ್ಷಕ್ಕಿಂತ ಹೆಚ್ಚು ಹಂಚುವಂತಿಲ್ಲ ಅಂತ ನಿಯಮ ಮಾಡಿತು.

ಆ ವರ್ಷಗಳ ನಿಯಮದಲ್ಲಿ ಮೂರು ವರ್ಷಕ್ಕೆ ಸೇರಿ 105 ಮಿಲಿಯನ್ ಪೌಂಡಿನವರೆಗೆ ಮಾತ್ರ ನಷ್ಟ ತೋರಿಸಬಹುದಿತ್ತು. ಮಿತಿ ಮೀರಿದ ಎವರ್ಟನ್‌ಗೆ 2023ರ ನವೆಂಬರ್‌ನಲ್ಲಿ 10 ಅಂಕ ಕಡಿತವಾಯಿತು, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕಥೆ ಇನ್ನೂ ಬೇಸರದ್ದು. ಅವರ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತಿತ್ತು. ಒಳ್ಳೆಯ ಬೆಲೆ ಬರಲಿ ಅಂತ ಕಾದು, ತಾವೇ ಬೆಳೆಸಿದ ಬ್ರೆನನ್ ಜಾನ್ಸನ್‌ನನ್ನು 2023ರ ಸೆಪ್ಟೆಂಬರ್ 1ರಂದು ಟಾಟೆನ್‌ಹ್ಯಾಮ್‌ಗೆ ಮಾರಿದರು. ಬೆಲೆ ಹೆಚ್ಚೇ ಸಿಕ್ಕಿತು. ಆದರೆ ತಾರೀಕು ದಾಟಿತ್ತು, ಆ ದುಡ್ಡು ಹಿಂದಿನ ವರ್ಷದ ಪುಸ್ತಕಕ್ಕೆ ಬರಲಿಲ್ಲ. 2024ರ ಮಾರ್ಚ್‌ನಲ್ಲಿ 4 ಅಂಕ ಹೋಯಿತು.

ಹುಡುಗರನ್ನು ಬೆಳೆಸಿದ ಕ್ಲಬ್ಬೇ ಅವರನ್ನು ಮೊದಲು ಮಾರುವಂತೆ ಮಾಡುವ ಲೆಕ್ಕ ಸರಿಯಿಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಎಂಟು ಒಂಬತ್ತು ವರ್ಷದಿಂದ ಒಂದೇ ಜರ್ಸಿ ಹಾಕಿದವನ ಮೇಲೆ ಊರಿಗೆ ಇರುವ ಪ್ರೀತಿಗೆ ಆ ಪುಸ್ತಕದಲ್ಲಿ ಕಾಲಂ ಇಲ್ಲ.

ಪ್ರಶ್ನೆ: ತಂಡದ ಅತಿ ಒಳ್ಳೆಯ ಆಟಗಾರನನ್ನು ಮಾರಿದ ಮೇಲೂ ತಂಡ ಬಲವಾಗಲು ಸಾಧ್ಯವೇ?
– ಓದುಗರು, ಅರಸೀಕೆರೆ

ಉತ್ತರ: ಖಂಡಿತ ಸಾಧ್ಯ. ಫಿಲಿಪ್ ಕುಟಿನ್ಹೊ ಅವರನ್ನು 2018ರ ಜನವರಿಯಲ್ಲಿ ಲಿವರ್‌ಪೂಲ್ ಬಾರ್ಸಿಲೋನಾಕ್ಕೆ ಮಾರಿತು. ಅದೇ ವಿಂಡೋದಲ್ಲಿ 75 ಮಿಲಿಯನ್ ಪೌಂಡಿಗೆ ಡಿಫೆಂಡರ್ ವ್ಯಾನ್ ಡೈಕ್ ಬಂದರು. ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಅನ್ನು ಗೋಲ್‌ಕೀಪರ್ ತಪ್ಪುಗಳಿಂದ ಸೋತರು. ಆ ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್ ಬಂದರು. ಮ್ಯಾನೇಜರ್ ಯರ್ಗನ್ ಕ್ಲಾಪ್ ಅವರು, ಕುಟಿನ್ಹೊ ಬಿಟ್ಟುಹೋದ ಜಾಗಕ್ಕೆ ಇನ್ನೊಬ್ಬ ಕುಟಿನ್ಹೊ ಹುಡುಕಲಿಲ್ಲ, ಸೋರುತ್ತಿದ್ದ ಜಾಗ ಮುಚ್ಚಿದರು. ಎಡ ಬ್ಯಾಕ್ ರಾಬರ್ಟ್‌ಸನ್ ಅಂತೂ ಕೆಳಗಿನ ಡಿವಿಷನ್‌ಗೆ ಇಳಿದ ಹಲ್ ಸಿಟಿಯಿಂದ 2017ರಲ್ಲಿ ಸುಮಾರು 8 ಮಿಲಿಯನ್‌ಗೆ ಬಂದವರು.

2019ರ ಮೇನಲ್ಲಿ ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ನಲ್ಲಿ ಬಾರ್ಸಿಲೋನಾ 4–0 ಸೋತಾಗ ಕುಟಿನ್ಹೊ ಎದುರಾಳಿ ಜರ್ಸಿಯಲ್ಲಿದ್ದರು. ಲಿವರ್‌ಪೂಲ್ ಆ ವರ್ಷ ಚಾಂಪಿಯನ್ಸ್ ಲೀಗ್ ಗೆದ್ದಿತು, ಮುಂದಿನ ವರ್ಷ 30 ವರ್ಷದ ನಂತರ ಇಂಗ್ಲೆಂಡಿನ ಲೀಗ್. ಇತ್ತ ಬಾರ್ಸಿಲೋನಾ, ತನ್ನ ಆಟಗಾರ ನೇಯ್ಮಾರ್‌ನನ್ನು ಬಿಟ್ಟುಕೊಟ್ಟು ಬಂದ 222 ಮಿಲಿಯನ್ ಯೂರೋ ಕೈಯಲ್ಲಿ ಹಿಡಿದು ಪೇಟೆಗೆ ಹೋಗಿತ್ತು. ಕೈಯಲ್ಲಿ ದುಡ್ಡಿದೆ ಅಂತ ಎಲ್ಲರಿಗೂ ಗೊತ್ತಿರುವಾಗ ಯಾರು ಕಡಿಮೆಗೆ ಕೊಡುತ್ತಾರೆ?

ಪ್ರಶ್ನೆ: ಸೆಪ್ಟೆಂಬರ್ ಬಂತೆಂದರೆ ನನ್ನ ಮಗ ಮೊಬೈಲ್ ಹಿಡಿದು ನಡುರಾತ್ರಿವರೆಗೆ ಎದ್ದಿರುತ್ತಾನೆ. ‘ಡೆಡ್‌ಲೈನ್ ಡೇ’ ಅನ್ನುತ್ತಾನೆ. ಪಂದ್ಯವೇ ಇಲ್ಲದ ದಿನ ಏನು ನೋಡುತ್ತಾನೆ?
– ತಾಯಿಯೊಬ್ಬರು, ಸಕಲೇಶಪುರ

ಉತ್ತರ: ಕ್ಲಬ್ಬುಗಳು ಆಟಗಾರರನ್ನು ಕೊಂಡು ನೋಂದಾಯಿಸಲು ವರ್ಷಕ್ಕೆ ಎರಡು ಅವಧಿ ಇವೆ, ಬೇಸಿಗೆಯಲ್ಲಿ ಒಂದು, ಜನವರಿಯಲ್ಲಿ ಒಂದು. 2002–03ರ ಸೀಸನ್‌ನಿಂದ ಫಿಫಾ ಇದನ್ನು ಕಡ್ಡಾಯ ಮಾಡಿತು. ಯುರೋಪಿನ ಬೇಸಿಗೆ ಅಂದರೆ ನಮ್ಮ ಮಳೆಗಾಲ. ಕೊನೆಯ ದಿನ ಗಡುವಿನೊಳಗೆ ಕಾಗದ ಸೇರಲೇಬೇಕು. 2015ರ ಆಗಸ್ಟ್ 31ರಂದು ಗೋಲ್‌ಕೀಪರ್ ಡೇವಿಡ್ ಡಿ ಗೆಯಾ ರಿಯಲ್ ಮ್ಯಾಡ್ರಿಡ್‌ಗೆ ಹೋಗಬೇಕಿತ್ತು. ಕಾಗದ ತಲುಪುವಷ್ಟರಲ್ಲಿ ಗಡುವು ಮುಗಿದು ಕೆಲವು ನಿಮಿಷವಾಗಿತ್ತು. ಅವರು ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲೇ 2023ರವರೆಗೆ ಆಡಿದರು. ನಿಮ್ಮ ಮಗ ಕಾಯುವುದು ಇಂಥದ್ದಕ್ಕೆ. ಬೈಯಬೇಡಿ. 2025ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಗಡುವು ನಮ್ಮ ಸಮಯ ರಾತ್ರಿ ಹನ್ನೊಂದೂವರೆಗೆ ಮುಗಿದಿತ್ತು. ಹಿಂದೆ ಬೆಳಗಿನ ಜಾವದವರೆಗೆ ಎಳೆಯುತ್ತಿತ್ತು.

ಪ್ರಶ್ನೆ: ನಮ್ಮ ಬೆಂಗಳೂರು ಎಫ್‌ಸಿ ಒಳ್ಳೆಯ ವಿದೇಶಿ ಆಟಗಾರರನ್ನು ತಂದರೆ ಸಾಕು, ಮತ್ತೆ ಗೆಲ್ಲುತ್ತದೆ ಅಲ್ವಾ?
– ಓದುಗರು, ಬೇಲೂರು

ಉತ್ತರ: ಸಾಕಾಗುವುದಿಲ್ಲ. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಮೈದಾನದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಯರಿಗೆ ಮಾತ್ರ ಅವಕಾಶ ಅಂತ 2021–22ರಲ್ಲಿ ನಿಯಮ ಬಂತು. ಹಾಗಾದರೆ ಉಳಿದ ಏಳು ಜನ ನಮ್ಮವರೇ. ಪಂದ್ಯ ಅಲ್ಲೇ ತೀರ್ಮಾನವಾಗುವುದು. 2013ರಲ್ಲಿ ಹುಟ್ಟಿದ ಈ ಕ್ಲಬ್ಬು ಮೊದಲ ಸೀಸನ್‌ನಲ್ಲೇ ಐ–ಲೀಗ್ ಗೆದ್ದಿತು, 2015–16ರಲ್ಲಿ ಮತ್ತೆ ಗೆದ್ದಿತು, 2018–19ರಲ್ಲಿ ಸೂಪರ್ ಲೀಗ್. ಆ ತಂಡಗಳ ಬೆನ್ನೆಲುಬು ಭಾರತೀಯರೇ: ಸುನಿಲ್ ಚೆಟ್ರಿ, ಆಮೇಲೆ 2017ರಲ್ಲಿ ಬಂದ ಗೋಲ್‌ಕೀಪರ್ ಗುರುಪ್ರೀತ್. 2025ರ ಏಪ್ರಿಲ್‌ನಲ್ಲಿ ಫೈನಲ್‌ವರೆಗೆ ಹೋಗಿ ಮೋಹನ್ ಬಾಗನ್‌ಗೆ 2–1ರಲ್ಲಿ ಸೋತಾಗಲೂ ಚೆಟ್ರಿಯೇ ತಂಡದ ಮುಖ. 1984ರಲ್ಲಿ ಹುಟ್ಟಿದವರು ಅವರು! ಅವರ ನಂತರ ಗೋಲು ಹೊಡೆಯುವ ಭಾರತೀಯ ಹುಡುಗ ಯಾರು? ನನ್ನ ಚಿಂತೆ ಇದೊಂದೇ. ಅದಕ್ಕೆ ಉತ್ತರ ಯಾವ ವಿಂಡೋದಲ್ಲೂ ಮಾರಾಟಕ್ಕಿಲ್ಲ, ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಬೇಕು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕಡೆ ಏಳು ಜನರ ಫುಟ್‌ಬಾಲ್ ಟೂರ್ನಿ ಇದೆ. ಕೈಯಲ್ಲಿರುವ ದುಡ್ಡಿನಲ್ಲಿ ಹೊರಗಿನಿಂದ ಒಬ್ಬ ಗೆಸ್ಟ್ ಪ್ಲೇಯರ್ ಕರೆಸಬಹುದು. ಒಳ್ಳೆಯ ಸ್ಟ್ರೈಕರ್ ತರೋಣ ಅಂತಿದ್ದೇವೆ.
– ಯುವಕರ ತಂಡ, ಆಲ್ದೂರು

ಉತ್ತರ: ಸ್ಟ್ರೈಕರ್ ಬೇಡ, ಗೋಲ್‌ಕೀಪರ್ ತನ್ನಿ. ಜುಲೈನಲ್ಲಿ ನಿಮ್ಮ ಕಡೆಯ ಮೈದಾನ ಹೇಗಿರುತ್ತದೆ ಅಂತ ನನಗೆ ಗೊತ್ತು. ಗೋಲಿನ ಮುಂದೆ ನೀರು ನಿಂತಿರುತ್ತದೆ. ಚೆಂಡು ಅಲ್ಲಿ ಒಮ್ಮೆ ಪುಟಿಯುತ್ತದೆ, ಇನ್ನೊಮ್ಮೆ ಸತ್ತು ನಿಲ್ಲುತ್ತದೆ. ಒದ್ದೆ ಚೆಂಡು ಕೈ ಜಾರುತ್ತದೆ. ಇಂಥ ಟೂರ್ನಿಗಳಲ್ಲಿ ನಾನು ನೋಡಿದ ಗೋಲುಗಳಲ್ಲಿ ಹೆಚ್ಚಿನವು ಕೀಪರ್ ಕೈಯಿಂದ ಜಾರಿದ ಚೆಂಡಿನಿಂದಲೇ ಬಂದವು. ಹೊರಗಿನಿಂದ ಬಂದ ಚುರುಕು ಕಾಲಿನ ಸ್ಟ್ರೈಕರ್ ಕೆಸರಿನಲ್ಲಿ ಎರಡು ಸಲ ಜಾರಿದರೆ ಮೂರನೇ ಸಲ ಓಡುವುದೇ ಇಲ್ಲ. ಆ ಕೆಸರಿನಲ್ಲಿ ಆಡಿ ಬೆಳೆದ ನಿಮ್ಮ ಹುಡುಗರೇ ಮುಂದೆ ಇರಲಿ.

ಇನ್ನೊಂದು ಮಾತು. ಏಳು ಜನರ ಹಿಂದೆ ಬದಲಿಗೆ ಕನಿಷ್ಠ ಮೂರು ಜನ ಇರಲಿ. ಕೆಸರಿನಲ್ಲಿ ಮೀನಖಂಡ ಬೇಗ ಹಿಡಿದುಕೊಳ್ಳುತ್ತದೆ, ಅರ್ಧ ಪಂದ್ಯಕ್ಕೇ ಇಬ್ಬರು ಕುಂಟುತ್ತಾರೆ. ಅವರಲ್ಲಿ ಒಬ್ಬನಾದರೂ ಹಿಂದೆಯೂ ಮುಂದೆಯೂ ಆಡುವವನಾಗಿರಲಿ. ಗೆಸ್ಟ್ ಆಗಿ ಬರುವವರನ್ನು ಪಂದ್ಯದ ಬೆಳಿಗ್ಗೆ ನೇರ ಮೈದಾನಕ್ಕೆ ಇಳಿಸಬೇಡಿ. ಹಿಂದಿನ ದಿನವೇ ಕರೆಸಿ, ನಿಮ್ಮ ಡಿಫೆಂಡರ್‌ಗಳ ಜೊತೆ ಒಂದು ಗಂಟೆ ಆಡಿಸಿ. ‘ಬಿಡು’ ಅಂತ ಯಾರು ಕೂಗಬೇಕು, ‘ನಂದು’ ಅಂತ ಯಾರು ಕೂಗಬೇಕು ಅಂತ ಅವರೇ ಮಾತಾಡಿಕೊಳ್ಳಲಿ. ದುಡ್ಡು ಕೊಡುವ ಮೊದಲು ಟೂರ್ನಿಯ ನಿಯಮ ಓದಿ. ಗೆಸ್ಟ್ ಪ್ಲೇಯರ್‌ಗೆ ಅವಕಾಶ ಇದೆಯೇ, ಪಟ್ಟಿ ಯಾವ ದಿನದೊಳಗೆ ಕೊಡಬೇಕು ಅಂತ ಆಯೋಜಕರ ಹತ್ತಿರ ಬರವಣಿಗೆಯಲ್ಲೇ ಕೇಳಿಕೊಳ್ಳಿ.