ವ್ಯಾಲೇಸ್ ಅವರಿಗೆ ಅನ್ಯಾಯವಾಯಿತೇ?

ಪ್ರಶ್ನೆ: ಮಾಟುಂಗಾದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವ ನನ್ನ ಮಗಳ ಪಠ್ಯದಲ್ಲಿ ಬ್ರಿಟಿಷ್ ಪ್ರಕೃತಿವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಅವರ ಹೆಸರು ಒಂದೇ ಸಾಲಿನಲ್ಲಿ ಬಂದುಹೋಗುತ್ತದೆ. ಜೀವವಿಕಾಸದ ಸಿದ್ಧಾಂತವನ್ನು ಡಾರ್ವಿನ್ ಈ ವ್ಯಾಲೇಸರಿಂದಲೇ ಕದ್ದರೆಂದು ಕೆಲವರು ಹೇಳುತ್ತಾರೆ. ಇದು ನಿಜವೇ? ಅವರ ಬರಹಗಳಲ್ಲಿ ಯಾವುದನ್ನು ಮೊದಲು ಓದಬೇಕು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕದ್ದರು ಎನ್ನಲು ಆಧಾರವಿಲ್ಲ. ಡಾರ್ವಿನ್ 1844ರಲ್ಲಿಯೇ ನೈಸರ್ಗಿಕ ಆಯ್ಕೆಯನ್ನು, ಅಂದರೆ ಪರಿಸರಕ್ಕೆ ಹೊಂದುವ ಜೀವಿಗಳೇ ಉಳಿದು ಸಂತತಿ ಬೆಳೆಸುವುದನ್ನು ಕುರಿತ ದೀರ್ಘ ಪ್ರಬಂಧವೊಂದನ್ನು ಬರೆದಿಟ್ಟಿದ್ದರು. 1858ರ ಆರಂಭದಲ್ಲಿ, ಮಲಯ ದ್ವೀಪಸಮೂಹದಲ್ಲಿ (ಇಂದಿನ ಇಂಡೊನೇಷ್ಯಾ, ಮಲೇಷ್ಯಾಗಳ ಪ್ರದೇಶ) ಜ್ವರದಿಂದ ಮಲಗಿದ್ದ ವ್ಯಾಲೇಸ್ ಅವರಿಗೆ ಜನಸಂಖ್ಯೆ ಆಹಾರಕ್ಕಿಂತ ವೇಗವಾಗಿ ಬೆಳೆಯುತ್ತದೆಂದು ಮಾಲ್ಥಸ್ ಮಂಡಿಸಿದ್ದ ವಾದ ನೆನಪಾಗಿ ಅದೇ ಯೋಚನೆ ಸ್ವತಂತ್ರವಾಗಿ ಹೊಳೆಯಿತು. ಅವರು ಅದನ್ನು ಬರೆದು ಡಾರ್ವಿನ್ ಅವರಿಗೇ ಕಳುಹಿಸಿದರು. ಡಾರ್ವಿನ್ನರ ಸ್ನೇಹಿತರಾದ ಲಯೆಲ್ ಮತ್ತು ಹೂಕರ್ ಇಬ್ಬರ ಬರಹಗಳನ್ನೂ ಅದೇ ವರ್ಷದ ಜುಲೈ 1ರಂದು ಜೀವಿಗಳ ಅಧ್ಯಯನಕ್ಕೆ ಮೀಸಲಾದ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಿಸಿದರು. ಆಗ ನ್ಯೂಗಿನಿಯಲ್ಲಿದ್ದ ವ್ಯಾಲೇಸರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲವೆಂಬುದು ನನ್ನ ದೃಷ್ಟಿಯಲ್ಲಿ ತಪ್ಪೇ. ಅವರು ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ, 1889ರಲ್ಲಿ ತಮ್ಮದೇ ಪುಸ್ತಕಕ್ಕೆ ‘ಡಾರ್ವಿನಿಸಂ’ ಎಂದು ಹೆಸರಿಟ್ಟರು.

ಆ ಒಂದು ಪತ್ರದಾಚೆಗೆ ಅವರು ಮಾಡಿದ ಕೆಲಸವನ್ನು ಪಠ್ಯಗಳು ಹೇಳದಿರುವುದು ಇದಕ್ಕಿಂತ ದೊಡ್ಡ ಅನ್ಯಾಯ. ಹದಿಹರೆಯದಲ್ಲೇ ಶಾಲೆ ಬಿಟ್ಟು ಭೂಮಾಪನದ ಕೆಲಸ ಹಿಡಿದ, ಮುಂದೆ ಕೀಟ ಮತ್ತು ಹಕ್ಕಿಗಳನ್ನು ಸಂಗ್ರಹಿಸಿ ಮಾರಿ ಜೀವನ ನಡೆಸಿದ ಅವರು, ಅಮೆಜಾನಿನಲ್ಲಿ ನಾಲ್ಕು ವರ್ಷ ಸುತ್ತಿ ತಂದ ಸಂಗ್ರಹದ ಬಹುಭಾಗವನ್ನು 1852ರಲ್ಲಿ ಹಡಗಿಗೆ ಬೆಂಕಿ ಬಿದ್ದಾಗ ಕಳೆದುಕೊಂಡರು. ಎರಡೇ ವರ್ಷಗಳಲ್ಲಿ ಮತ್ತೆ ಮಲಯದತ್ತ ಹೊರಟರು. ಅಲ್ಲಿ ಬಾಲಿಯಿಂದ ಲೊಂಬೊಕ್‌ಗೆ ಹೋದಾಗ, ಮರಕುಟಿಗ ಮತ್ತು ಕುಟ್ರುಹಕ್ಕಿಗಳ ಏಷ್ಯಾ ಹಿಂದುಳಿದು ಕಾಕಟೂ ಗಿಳಿಗಳ ಆಸ್ಟ್ರೇಲಿಯಾ ಆರಂಭವಾಗುವುದನ್ನು ಗಮನಿಸಿದರು. ನಡುವಿನ ಜಲಸಂಧಿ ಅವರ ಲೆಕ್ಕದಲ್ಲಿ 15 ಮೈಲಿ ಅಗಲ. ಎರಡು ಗಂಟೆಯ ಪಯಣ. ಜಾವಾ, ಸುಮಾತ್ರಾ, ಬೋರ್ನಿಯೊಗಳ ಸುತ್ತಲಿನ ಸಮುದ್ರ ಆಳವಿಲ್ಲದ್ದು, ಹಿಂದೊಮ್ಮೆ ನೆಲವಾಗಿತ್ತು, ಲೊಂಬೊಕ್ ಜಲಸಂಧಿ ಮಾತ್ರ ಆಳವಾದದ್ದರಿಂದ ಪ್ರಾಣಿಗಳಿಗೆ ದಾಟಲು ನೆಲವಿರಲಿಲ್ಲ ಎಂದು ಅವರು ಕಾರಣ ಹುಡುಕಿದರು. ಪ್ರಾಣಿಗಳ ಹಂಚಿಕೆಯಿಂದ ನೆಲದ ಚರಿತ್ರೆಯನ್ನು ಓದುವ ವಿದ್ಯೆಗೆ ಇಷ್ಟು ಗಟ್ಟಿಯಾದ ಬುನಾದಿ ಹಾಕಿದವರು ಅವರಿಗಿಂತ ಮುಂಚೆ ಇರಲಿಲ್ಲ. ಪ್ರಾಣಿಗಳ ಭೌಗೋಳಿಕ ಹಂಚಿಕೆಯನ್ನು ಕುರಿತ 1876ರ ಅವರ ಬೃಹತ್ ಗ್ರಂಥದಲ್ಲಿ ಮಲಬಾರಿನ ಕಾಡುಗಳೂ ಶ್ರೀಲಂಕೆಯೂ ಒಂದೇ ಉಪವಲಯ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಮಲಯದ ಮೀನುಗಳನ್ನು ಹೋಲುವ ಮೀನುಗಳಿರುವುದೇಕೆ ಎಂಬುದಕ್ಕೆ, ಅವು ಮಧ್ಯ ಭಾರತದ ಸಾತ್ಪುರ ಬೆಟ್ಟಸಾಲಿನ ಮೂಲಕ ಬಂದಿರಬಹುದೆಂದು ನಮ್ಮ ಮೀನುವಿಜ್ಞಾನಿ ಸುಂದರಲಾಲ್ ಹೋರಾ ಕೊಟ್ಟ ಉತ್ತರವೂ ಇದೇ ಹಾದಿಯದು.

ಮಗಳಿಗೆ ಕಣ್ಣಾರೆ ತೋರಿಸಬಹುದಾದ ಉದಾಹರಣೆಯೂ ಒಂದಿದೆ. ಶನಿವಾರ ಮಾರುತಿಯ ಗುಡಿಯೆದುರು ಹಾರ ಕಟ್ಟಿ ಮಾರುವ ರುಯಿ, ಅಂದರೆ ನಮ್ಮ ಎಕ್ಕ, ರೈಲು ಹಳಿಯ ಪಕ್ಕದ ಬರಡು ನೆಲದಲ್ಲಿಯೂ ಬೆಳೆಯುತ್ತದೆ. ಮಳೆಗಾಲದ ನಂತರ ಅದರ ಎಲೆಗಳನ್ನು ತಿರುವಿ ನೋಡಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಹುಳುವೊಂದು ಅಡಗುವ ಪ್ರಯತ್ನವನ್ನೇ ಮಾಡದೆ ಮೇಯುತ್ತಿರುವುದು ಕಾಣಸಿಗಬಹುದು. ಹುಳುಗಳಿಗೆ ಇಂಥ ಬಣ್ಣವೇಕೆ ಎಂದು ಡಾರ್ವಿನ್ 1867ರಲ್ಲಿ ಕೇಳಿದಾಗ, ಬಾಯಿಗೆ ಕಹಿಯಾದ ಹುಳು ಹಕ್ಕಿಗೆ ದೂರದಿಂದಲೇ ಎಚ್ಚರಿಕೆ ಕೊಡುತ್ತದೆ ಎಂದು ವ್ಯಾಲೇಸ್ ಉತ್ತರಿಸಿದರು. ಹಕ್ಕಿಗಳಿಗೆ ಅಂಥ ಹುಳುಗಳನ್ನು ಹಾಕಿ ನೋಡಿದವರು ಆ ಮಾತನ್ನು ಸಮರ್ಥಿಸಿದರು.

ಅವರು ಬರೆದದ್ದನ್ನೆಲ್ಲ ಒಪ್ಪಬೇಕಾಗಿಲ್ಲ. ಮನುಷ್ಯನ ಬುದ್ಧಿಯನ್ನು ನೈಸರ್ಗಿಕ ಆಯ್ಕೆಯೊಂದೇ ವಿವರಿಸಲಾರದೆಂಬ ಮಾತು, ಪ್ರೇತಾತ್ಮಗಳಲ್ಲಿನ ನಂಬಿಕೆ, ಸಿಡುಬಿನ ಲಸಿಕೆಗೆ ತೋರಿದ ವಿರೋಧ ಇವು ಅವರ ಅಭಿಮಾನಿಗಳಿಗೂ ಕಷ್ಟವೆನಿಸುವ ಭಾಗಗಳು.

ಮೊದಲು 1869ರಲ್ಲಿ ಬಂದ ‘ದಿ ಮಲಯ್ ಆರ್ಕಿಪೆಲಾಗೊ’ ಓದಲಿ. ಪ್ರವಾಸಕಥನವಾದ್ದರಿಂದ ವಿಜ್ಞಾನದ ಪರಿಭಾಷೆ ಅಡ್ಡಬರುವುದಿಲ್ಲ. ಜೊತೆಗೊಂದು ಭೂಪಟವಿರಲಿ; ದ್ವೀಪಗಳ ಹೆಸರು ತಿಳಿಯದೆ ಅವರ ವಾದ ಹಿಡಿತಕ್ಕೆ ಸಿಗದು. ಆಮೇಲೆ ಬೋರ್ನಿಯೊದ ಸಾರವಾಕ್‌ನಲ್ಲಿದ್ದಾಗ ಬರೆದ 1855ರ ಚಿಕ್ಕ ಪ್ರಬಂಧ, ಮುಂದೆ 1880ರ ‘ಐಲೆಂಡ್ ಲೈಫ್’ ಓದಬಹುದು.