ಓದುಗರ ಪ್ರಶ್ನೆ: ಈಡಿತ್ ಕೀಲರ್‌ಗೆ ಯಾಕೆ ಯಾರೂ ಹೇಳ್ಲಿಲ್ಲ?

ಪ್ರಶ್ನೆ: ಸರ್, ಚಿಕ್ಕವಳಿದ್ದಾಗ ಅಣ್ಣನ ಜೊತೆ ನೋಡಿದ್ದ ಹಳೇ ಸ್ಟಾರ್ ಟ್ರೆಕ್ ಸೀರಿಯಲ್ಲನ್ನ ಈಗ ಮತ್ತೆ ನೋಡ್ತಿದೀನಿ. ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಎಪಿಸೋಡ್ ನೋಡಿ ಆಗ ಅತ್ತಿದ್ದೆ, ಈ ಸಲ ಸಿಟ್ಟು ಬಂತು. ಶಾಂತಿ ಬೇಕು ಅಂದ ಹೆಂಗಸು ಸತ್ರೇನೇ ಪ್ರಪಂಚ ಉಳಿಯೋದಾ? ಯುದ್ಧಾನೇ ಸರಿ ಅಂತ ಹೇಳ್ತಿದಾರಾ ಇವ್ರು?
(ಓದುಗರು, ಶಿವಮೊಗ್ಗ)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ ಮೇಡಂ. ನೋಡದೇ ಇರೋರಿಗೆ ಕಥೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಎಂಟರ್‌ಪ್ರೈಸ್ ಅನ್ನೋ ಅಂತರಿಕ್ಷ ಹಡಗಿನ ಡಾಕ್ಟರ್ ಮೆಕಾಯ್‌ಗೆ ಒಂದು ಔಷಧಿ ಓವರ್‌ಡೋಸ್ ಆಗಿ ತಲೆ ಕೆಟ್ಟು, ಕಾಲದ ಬಾಗಿಲೊಳಗೆ ನುಗ್ಗಿ 1930ರ ನ್ಯೂಯಾರ್ಕಿಗೆ ಹೋಗ್ಬಿಡ್ತಾರೆ, ಅಲ್ಲಿ ಅವ್ರು ಮಾಡಿದ್ದೇನೋ ಇತಿಹಾಸಾನೇ ಬದಲಾಯಿಸಿ ಎಂಟರ್‌ಪ್ರೈಸ್ ಹಡಗೇ ಇಲ್ಲದಂಗಾಗುತ್ತೆ, ಸರಿ ಮಾಡೋಕೆ ಹಡಗಿನ ಕ್ಯಾಪ್ಟನ್ ಕರ್ಕ್, ಅವನ ಜೊತೆಗಾರ ಸ್ಪಾಕ್ ಇಬ್ರೂ ಹಿಂದೆ ಹೋಗ್ತಾರೆ. ಅಲ್ಲಿ ಕೆಲಸ ಇಲ್ಲದೋರಿಗೆ ಊಟ ಹಾಕೋ ಈಡಿತ್ ಕೀಲರ್ ಮೇಲೆ ಕರ್ಕ್‌ಗೆ ಪ್ರೀತಿ ಆಗುತ್ತೆ. ಆದ್ರೆ ಆಕೆ ಬದುಕಿದ್ರೆ ದೊಡ್ಡ ಶಾಂತಿ ಚಳವಳಿ ಕಟ್ತಾಳೆ, ಅಮೆರಿಕ ಯುದ್ಧಕ್ಕೆ ಇಳಿಯೋದು ತಡ ಆಗುತ್ತೆ, ಹಿಟ್ಲರ್ ಕೈಗೆ ಅಣುಬಾಂಬ್ ಮೊದಲು ಸಿಗುತ್ತೆ ಅಂತ ಗೊತ್ತಾಗುತ್ತೆ. ಕೊನೇಲಿ ಲಾರಿಗೆ ಸಿಕ್ತಿರೋ ಆಕೇನ ಉಳಿಸೋಕೆ ಓಡೋ ಮೆಕಾಯ್‌ನ ಕರ್ಕೇ ಹಿಡ್ಕೋತಾನೆ.

ಶಾಂತೀನೇ ದಾರಿ ಅಂತ ಕರ್ಕ್ ಅಂದಾಗ ಸ್ಪಾಕ್ ಅದನ್ನ ಅಲ್ಲಗಳೆಯೋದಿಲ್ಲ, ಆಕೆ ಹೇಳಿದ್ದು ಸರಿ ಆದ್ರೆ ಕಾಲ ಸರಿಯಿಲ್ಲ ಅಂತಾನೆ. ಹಾಗಾಗಿ ಯುದ್ಧಾನೇ ಸರಿ ಅಂತ ಎಪಿಸೋಡ್ ಹೇಳ್ತಿಲ್ಲ ಅನ್ನೋದು ನನ್ನ ಅಭಿಪ್ರಾಯ, ಆದ್ರೂ ಆ ಮಾತು ಚುಚ್ಚುತ್ತೆ, ಯಾಕಂದ್ರೆ ಇದು ಪ್ರಸಾರ ಆಗಿದ್ದು 1967ರ ಏಪ್ರಿಲ್ 6ಕ್ಕೆ, ವಿಯೆಟ್ನಾಂ ಯುದ್ಧ ಜೋರಾಗಿ ನಡೀತಿದ್ದ ಟೈಮು, ಅದಕ್ಕೆ ಎರಡೇ ದಿನ ಮುಂಚೆ ಮಾರ್ಟಿನ್ ಲೂಥರ್ ಕಿಂಗ್ ಅದೇ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಲ್ಲಿ ನಿಂತು ಈ ಯುದ್ಧ ನಿಲ್ಲಿಸಿ ಅಂದಿದ್ರು. ವಾಷಿಂಗ್ಟನ್ ಪೋಸ್ಟ್, ನ್ಯೂಯಾರ್ಕ್ ಟೈಮ್ಸ್ ಎರಡೂ ಅದೇ ವಾರದಲ್ಲಿ ಸಂಪಾದಕೀಯ ಬರೆದು ಅವ್ರದ್ದು ತಪ್ಪು ಅಂದ್ವು. ಶಾಂತಿ ಕೇಳೋರಿಗೆ ಈಗ ಬೇಡ, ಇದು ಟೈಮಲ್ಲ ಅನ್ನೋದು ಎಲ್ಲಾ ಕಾಲದಲ್ಲೂ ಇದ್ದಿದ್ದೇ. ಕಥೆ ಬರೆದೋರು ಹಿಟ್ಲರನ್ನ ಎದುರಿಗೆ ಇಟ್ಟಿರೋದ್ರಿಂದ ಅಲ್ಲಿ ಸ್ಪಾಕ್ ಮಾತು ಒಪ್ಪಬೇಕಾಗುತ್ತೆ, ಅದನ್ನೇ ಎತ್ಕೊಂಡು ವಿಯೆಟ್ನಾಂಗೆ ಅಂಟಿಸಿದ್ರೆ ನಾನಂತೂ ಒಪ್ಪಲ್ಲ.

ನನಗೆ ಇದಕ್ಕಿಂತ ಹೆಚ್ಚು ನೋವಾಗೋದು ಬೇರೆ ವಿಷಯಕ್ಕೆ. ಈಡಿತ್‌ಗೆ ಯಾರೂ ಏನೂ ಹೇಳೋದೇ ಇಲ್ಲ. ಆಕೆ ಎಂಥವಳು ನೋಡಿ, ಊಟಕ್ಕೆ ಬಂದೋರ ಮುಂದೆ ನಿಂತು, ಒಂದು ದಿನ ಮನುಷ್ಯ ಅಣುಶಕ್ತೀನ ಪಳಗಿಸ್ತಾನೆ, ಬೇರೆ ಲೋಕಗಳಿಗೆ ಹಡಗಲ್ಲಿ ಹೋಗ್ತಾನೆ, ಹಸಿದೋರ ಹೊಟ್ಟೆ ತುಂಬಿಸೋ ದಾರಿ ಹುಡುಕ್ತಾನೆ ಅಂತ 1930ರಲ್ಲೇ ಭಾಷಣ ಮಾಡ್ತಾಳೆ. ಇವ್ರಿಬ್ರೂ ಈ ಜಾಗಕ್ಕೆ ಸೇರಿದೋರಲ್ಲ ಅಂತ ಕಂಡುಹಿಡೀತಾಳೆ, ಸ್ಪಾಕ್‌ನ ಜಾಗ ಎಲ್ಲಿ ಅಂದ್ರೆ ಕರ್ಕ್ ಪಕ್ಕದಲ್ಲೇ, ಯಾವಾಗ್ಲೂ ಅಲ್ಲೇ ಇದ್ದಂಗೆ ಅಂತ ನೇರವಾಗಿ ಹೇಳ್ತಾಳೆ. ಇಡೀ ಆ ಊರಲ್ಲಿ ಇವರ ಕಥೆ ನಂಬಬಲ್ಲ ಮನುಷ್ಯರು ಇದ್ರೆ ಅದು ಈಕೆ ಒಬ್ಬಳೇ. ಹೇಳಿದ್ರೆ ಏನು ಮಾಡ್ತಿದ್ಲೋ, ಚಳವಳಿ ಬಿಟ್ಟು ಬರೀ ಊಟ ಹಾಕ್ಕೊಂಡು ಇರ್ತಿದ್ಲೋ, ಅಥವಾ ಶಾಂತಿಯ ಬೇರೆ ದಾರಿ ಹುಡುಕ್ತಿದ್ಲೋ, ಆ ಆಯ್ಕೆ ಆಕೇದಾಗಿತ್ತು. ಜೋನ್ ಕಾಲಿನ್ಸ್ ಆ ಪಾತ್ರಾನ ಎಷ್ಟು ಜೀವ ತುಂಬಿ ಮಾಡಿದಾರೆ ಅಂದ್ರೆ ಬರೀ ಕರ್ಕ್‌ನ ದುಃಖಕ್ಕೋಸ್ಕರ ಇರೋ ಹೆಂಗಸು ಅಂತ ಆಕೇನ ನೋಡೋಕೆ ಆಗೋದೇ ಇಲ್ಲ.

ಪ್ರಶ್ನೆ: ಇದನ್ನ ಬರೆದ ಹಾರ್ಲನ್ ಎಲಿಸನ್‌ಗೇ ಈ ಎಪಿಸೋಡ್ ಕಂಡ್ರೆ ಆಗ್ತಿರ್ಲಿಲ್ವಂತೆ, ನಿಜಾನಾ?
(ಓದುಗರು, ಮೈಸೂರು)

ಉತ್ತರ: ಹೌದು. ಅವರ ಸ್ಕ್ರಿಪ್ಟನ್ನ ಬೇರೆಯವ್ರು ತುಂಬಾ ತಿದ್ದಿದ್ರು, ತಮ್ಮ ಹೆಸರಿನ ಬದಲು ‘ಕಾರ್ಡ್‌ವೇನರ್ ಬರ್ಡ್’ ಅಂತ ಹಾಕಿ ಅಂತಾನೂ ಕೇಳಿದ್ರು. ಮೂಲದಲ್ಲಿ ಹಿಂದಕ್ಕೆ ಓಡಿಹೋಗೋದು ಡಾಕ್ಟರ್ ಅಲ್ಲ, ಹಡಗಲ್ಲೇ ಡ್ರಗ್ಸ್ ಮಾರ್ತಿದ್ದ ಬೆಕ್‌ವಿತ್ ಅನ್ನೋನು, ಕೊನೇಲಿ ಈಡಿತ್‌ನ ಸಾಯೋಕೆ ಬಿಡೋದು ಕರ್ಕ್ ಕೈಲಿ ಆಗೋದೂ ಇಲ್ಲ. ಎಲಿಸನ್ ಮೂಲ ಸ್ಕ್ರಿಪ್ಟಿಗೆ ರೈಟರ್ಸ್ ಗಿಲ್ಡ್ ಪ್ರಶಸ್ತಿ ಬಂತು, ಟಿವಿಲಿ ಬಂದಿದ್ದಕ್ಕೆ 1968ರಲ್ಲಿ ವಿಜ್ಞಾನ ಕಥೆಗಳಿಗೆ ಕೊಡೋ ಹ್ಯೂಗೋ ಪ್ರಶಸ್ತಿ ಬಂತು. ಕರ್ಕ್ ಸೋಲೋದೇ ನನಗೆ ಹೆಚ್ಚು ಮನುಷ್ಯತ್ವ ಅನ್ಸುತ್ತೆ, ಆದ್ರೆ ಓಡಿಹೋಗೋದು ಮೆಕಾಯ್ ಆಗಿದ್ದೇ ಒಳ್ಳೇದು, ಜೀವ ಉಳಿಸೋ ಡಾಕ್ಟರನ್ನ ಅವ್ರ ಗೆಳೆಯನೇ ತಡೆಯೋ ಆ ದೃಶ್ಯ ಇಲ್ದೇ ಇದನ್ನ ಊಹಿಸ್ಕೊಳ್ಳೋಕಾಗಲ್ಲ.

ಪ್ರಶ್ನೆ: ಜರ್ಮನಿ ನಿಜವಾಗ್ಲೂ ಬಾಂಬ್ ಮಾಡ್ಬಹುದಿತ್ತಾ?
(ಓದುಗರು, ಧಾರವಾಡ)

ಉತ್ತರ: ಕಷ್ಟ ಇತ್ತು. 1942ರ ಹೊತ್ತಿಗೇ ಅಲ್ಲಿನ ಸೇನೆ ಆ ಕೆಲಸದಿಂದ ಹಿಂದೆ ಸರಿದಿತ್ತು, ಯುದ್ಧ ಮುಗಿಯೋವರೆಗೂ ಸರಪಳಿ ಕ್ರಿಯೆ ತಾನಾಗೇ ನಡೆಯೋ ಒಂದು ರಿಯಾಕ್ಟರೂ ಆಗ್ಲಿಲ್ಲ. ಆದ್ರೆ ಭಯ ನಿಜ, 1939ರಲ್ಲಿ ಐನ್‌ಸ್ಟೈನ್ ರೂಸ್ವೆಲ್ಟ್‌ಗೆ ಕಾಗದ ಬರೆದಿದ್ದೇ ಆ ಭಯಕ್ಕೆ.