ವೈ = 2ಎಕ್ಸ್ + 1 ರೇಖೆಗೆ ಲಂಬ ಎಳೆದರೆ ಗ್ರಾಫಿನಲ್ಲಿ ಓರೆ ಕಾಣುತ್ತದೆ, ಯಾಕೆ?

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ವೈ = 2ಎಕ್ಸ್ + 1 ರೇಖೆಗೆ ಲಂಬವಾಗಿ (4, 3) ಬಿಂದುವಿನ ಮೇಲೆ ಹಾಯುವ ರೇಖೆ ವೈ = -(1/2)ಎಕ್ಸ್ + 5 ಅಂತಲೇ ಬರಬೇಕು. ಎಡವಟ್ಟಾಗಿದ್ದು ಸ್ಕೇಲಿನಲ್ಲಿ. ಎಕ್ಸ್ ಅಕ್ಷಕ್ಕೆ 1 ಸೆಂ.ಮೀ. = 1, ವೈ ಅಕ್ಷಕ್ಕೆ 1 ಸೆಂ.ಮೀ. = 2 ಇಟ್ಟುಕೊಂಡೆ ಅಂತ ನೀವೇ ಬರೆದಿದ್ದೀರಲ್ಲ, ಅಲ್ಲೇ. ವೈ ದಿಕ್ಕು ಅರ್ಧಕ್ಕೆ ಕುಗ್ಗಿತು. ಹಾಳೆಯ ಮೇಲೆ ಮೊದಲ ರೇಖೆಯ ಇಳಿಜಾರು (ಸ್ಲೋಪ್, ಬಲಕ್ಕೆ 1 ಸರಿದರೆ ಎಷ್ಟು ಮೇಲೆ ಹೋಗುತ್ತದೆ ಅನ್ನುವುದು) 2 ಹೋಗಿ 1 ಆಯ್ತು, ಎರಡನೆಯದು -1/2 ಹೋಗಿ -1/4 ಆಯ್ತು. ಕೋನಮಾಪಕ ಇಟ್ಟು ನೋಡಿ, 59 ಡಿಗ್ರಿ ಆಸುಪಾಸು ಸಿಗುತ್ತದೆ. ಎರಡೂ ಅಕ್ಷಕ್ಕೆ ಒಂದೇ ಸ್ಕೇಲ್ ಇಡಿ, 90 ಬರುತ್ತದೆ.

ನಾನೂ ಪಿಯುಸಿ ಮೊದಲ ವರ್ಷ ಇದೇ ತಪ್ಪು ಮಾಡಿ, ಲೆಕ್ಕವೇ ತಪ್ಪು ಅಂದುಕೊಂಡು ಒಂದು ಸಂಜೆ ಪೂರ್ತಿ ರಬ್ಬರ್ ಸವೆಸಿದ್ದೆ. ಹತ್ತರ ತನಕ ಕನ್ನಡ ಮಾಧ್ಯಮ ಬೇರೆ, ಥೇಟ್ ನಿಮ್ಮ ಹಾಗೆ. ಸ್ಲೋಪ್ ಅಂದರೆ ಇಳಿಜಾರು ಅಂತ ಗೊತ್ತಾದ ಮೇಲೂ ತಲೆ ಕೆಟ್ಟಿತು. ಪ್ಲಸ್ ಇದ್ದರೆ ರೇಖೆ ಎಡದಿಂದ ಬಲಕ್ಕೆ ಏರುತ್ತದೆ, ನಾವು ಅದಕ್ಕೂ ಇಳಿಜಾರು ಅನ್ನುತ್ತೇವೆ! ಆ ಪದದ ಗೊಡವೆ ಬಿಡಿ. ಬಲಕ್ಕೆ ಎಷ್ಟು ಸರಿದರೆ ಎಷ್ಟು ಮೇಲೆ ಹೋಯಿತು, ಅಷ್ಟೇ ಲೆಕ್ಕ.

ಇನ್ನು ನಿಮ್ಮ ಎರಡನೇ ಪ್ರಶ್ನೆ. 2 ಅನ್ನು ತಲೆಕೆಳಗು ಮಾಡಿ ಮೈನಸ್ ಯಾಕೆ ಹಚ್ಚಬೇಕು, ಎರಡು ರೇಖೆಗಳ ಇಳಿಜಾರು ಗುಣಿಸಿದರೆ -1 ಯಾಕೆ ಬರಬೇಕು? ಇದನ್ನು ಬಾಯಿಪಾಠ ಮಾಡುವ ಮೊದಲು ಒಮ್ಮೆ ಕೈಯಲ್ಲಿ ಮಾಡಿ ನೋಡಿ. ಮನೆಯಲ್ಲಿ ಹಳೆ ಲಗ್ನಪತ್ರಿಕೆ ಇದ್ದೇ ಇರುತ್ತದೆ. ಅದರ ಮೂಲೆಯಿಂದ ಒಂದು ತ್ರಿಕೋನ ಕತ್ತರಿಸಿ, ಒಂದು ಅಂಚು 2 ಸೆಂ.ಮೀ., ಇನ್ನೊಂದು 4. ಚಿಕ್ಕ ಅಂಚು ಕೆಳಗೆ ಮಲಗಿರಲಿ, ದೊಡ್ಡದು ಬಲಗಡೆ ನೆಟ್ಟಗೆ ನಿಂತಿರಲಿ. ಈಗ ಓರೆ ಅಂಚು ಬಲಕ್ಕೆ 2, ಮೇಲಕ್ಕೆ 4 ಹೋಗುತ್ತದೆ. ಅಂದರೆ ಇಳಿಜಾರು 2. ಕೆಳಗಿನ ಎಡ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು, ತ್ರಿಕೋನವನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಮಲಗಿದ್ದ 2 ಸೆಂ.ಮೀ. ಅಂಚು ಎದ್ದು ನಿಂತಿತು. ನಿಂತಿದ್ದ 4 ಸೆಂ.ಮೀ. ಅಂಚು ಮೇಲುಗಡೆ ಎಡಕ್ಕೆ ಮಲಗಿತು. ಓರೆ ಅಂಚು ಈಗ ಎಡಕ್ಕೆ 4, ಮೇಲಕ್ಕೆ 2. ಎಡಕ್ಕೆ ಅಂದರೆ ಮೈನಸ್, ಹಾಗಾಗಿ 2/(-4), ಅಂದರೆ -1/2. ಕಾಲು ಸುತ್ತು ಅಂದರೆ 90 ಡಿಗ್ರಿ ತಾನೇ? ತಲೆಕೆಳಗಾಗಿದ್ದೂ ಮೈನಸ್ ಬಂದಿದ್ದೂ ಈ ಒಂದು ತಿರುವಿನಿಂದಲೇ.

ರೇಖೆ ಎಳೆಯುವುದು ಈಗ ಸುಲಭ. (4, 3) ರಲ್ಲಿ ಪೆನ್ಸಿಲ್ ಇಡಿ. ಬಲಕ್ಕೆ 2, ಕೆಳಕ್ಕೆ 1, (6, 2) ಸಿಕ್ಕಿತು. ಎಡಕ್ಕೆ 2, ಮೇಲಕ್ಕೆ 1, (2, 4). ಹಾಗೇ ಇನ್ನೊಮ್ಮೆ ಹೋದರೆ (0, 5), ಸಮೀಕರಣದ ಆ 5 ಇದೇ. ಎರಡೂ ರೇಖೆ ಕೂಡುವುದು (1.6, 4.2) ರಲ್ಲಿ. 1 ಸೆಂ.ಮೀ. = 1 ಇಟ್ಟಿದ್ದರೆ ಮೂಲಬಿಂದುವಿನಿಂದ ಬಲಕ್ಕೆ 16 ಸಣ್ಣ ಚೌಕ, ಮೇಲಕ್ಕೆ 42 ಎಣಿಸಿ. ಸರಿಯಾಗಿ ಆ ಗೆರೆಯ ಮೇಲೇ ಬೀಳದಿದ್ದರೆ ಪೆನ್ಸಿಲ್ ಮೊನೆ ಮೊಂಡಾಗಿದೆ ಅಂತ ಅರ್ಥ.

ಒಂದು ಕಡೆ ಮಾತ್ರ ಈ -1 ನಡೆಯುವುದಿಲ್ಲ. ನಾನು ಗದಗ-ಬೆಟಗೇರಿಯವನು. ಬೆಟಗೇರಿಯಲ್ಲಿ ಕೈಮಗ್ಗ ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಹಾಸಿನ ನೂಲು ಉದ್ದಕ್ಕೆ, ಹೊಕ್ಕಿನ ನೂಲು ಅಡ್ಡಕ್ಕೆ, ಎರಡೂ ಒಂದಕ್ಕೊಂದು ಲಂಬ. ಗ್ರಾಫಿನಲ್ಲಿ ಎಕ್ಸ್ = 3, ವೈ = 2 ಇದ್ದ ಹಾಗೆ. ಅಡ್ಡ ರೇಖೆಯ ಇಳಿಜಾರು 0. ನೆಟ್ಟಗೆ ನಿಂತ ರೇಖೆಗೆ ಇಳಿಜಾರೇ ಇಲ್ಲ, ಯಾಕಂದ್ರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಅಲ್ಲಿ ಸುಮ್ನೆ ಗುಣಿಸಲು ಹೋಗಬೇಡಿ.

ಮೊಬೈಲಿನಲ್ಲಿ ಗ್ರಾಫ್ ಬಿಡಿಸುವ ಜಿಯೋಜೀಬ್ರಾ ಆ್ಯಪ್ ಹಾಕಿ ನೋಡುವುದಾದರೆ ಎರಡು ಅಕ್ಷಗಳ ಅನುಪಾತ 1:1 ಇದೆಯಾ ನೋಡಿಕೊಳ್ಳಿ. ಪರೀಕ್ಷೆಯಲ್ಲಿ ಅವರೇ ಬೇರೆ ಬೇರೆ ಸ್ಕೇಲ್ ಕೊಟ್ಟಿದ್ದರೆ ಕಂಪಾಸ್ ಪೆಟ್ಟಿಗೆಯ ಮೂಲೆಮಟ್ಟ ಮುಟ್ಟಲೇಬೇಡಿ. ಎರಡು ಬಿಂದು ಗುರುತಿಸಿ ಗೆರೆ ಎಳೆಯಿರಿ. ಕಣ್ಣಿಗೆ ಓರೆ ಕಂಡರೂ ಅಳಿಸಬೇಡಿ.